ಗ್ಯಾರೇಜಿನಲ್ಲಿ ಸರಿ, ಘಾಟಿಯಲ್ಲಿ ಇಲ್ಲ: ಒಂದು ಕಾರಿನ ಬ್ರೇಕ್ ಮತ್ತು ಸ್ಟೇರಿಂಗ್ ಪ್ರಕರಣ

ಇದು ಚಿಕ್ಕಮಗಳೂರು ಕಡೆಯ ಒಂದು ಕಾಫಿ ಬೆಳೆಗಾರ ಕುಟುಂಬದ ಕಾರಿನ ಪ್ರಕರಣ. ನಮ್ಮ ಗ್ಯಾರೇಜಿಗೆ ಬರುವ ಮೊದಲು ಬೇರೆ ಬೇರೆ ಕಡೆ ಕೆಲಸ ಮಾಡಿಸಿ, ದುಡ್ಡು ಖರ್ಚು ಮಾಡಿ, ಕೊನೆಗೆ ಕಾರನ್ನೇ ಮಾರಿಬಿಡೋಣ ಅನ್ನುವ ಮಾತಿಗೆ ಆ ಮನೆಯವರು ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾರಿನ ಮಾಡೆಲ್, ಮೊದಲು ಕೆಲಸ ಮಾಡಿದವರ ವಿವರ ಯಾವುದನ್ನೂ ಹೇಳಿಲ್ಲ. ಮಲೆನಾಡಿನಲ್ಲಿ ಕಾರು ಇಟ್ಟುಕೊಂಡವರಿಗೂ, ಈ ಕೆಲಸ ಕಲಿಯುತ್ತಿರುವ ಹುಡುಗರಿಗೂ ಇದು ಉಪಯೋಗಕ್ಕೆ ಬರಬೇಕು. ಇದೇನೂ ಅಪರೂಪದ ರಿಪೇರಿ ಅಲ್ಲ, ಮಳೆಗಾಲ ಮುಗಿದ ಮೇಲೆ ಇಂಥ ಕಾರುಗಳು ಬರುತ್ತಲೇ ಇರುತ್ತವೆ.

ಕಾರು, ಮನೆ, ದಾರಿ

ಪೆಟ್ರೋಲ್ ಎಂಜಿನ್‌ನ ಸಣ್ಣ ಕಾರು. ಒಂಬತ್ತು ವರ್ಷ ಹಳೆಯದು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಮನೆ ಇರುವುದು ತೋಟದೊಳಗೆ. ಟಾರು ರಸ್ತೆಯಿಂದ ಮನೆಯವರೆಗೆ ಕಲ್ಲು ಮಣ್ಣಿನ ಇಳಿಜಾರು ದಾರಿ. ಮಳೆಗಾಲದಲ್ಲಿ ಅದು ದಾರಿಯೋ ಹಳ್ಳವೋ ಗೊತ್ತಾಗಲ್ಲ. ಕಾರು ಓಡಿಸುವವರು ಇಬ್ಬರು. ಮನೆಯ ಯಜಮಾನರು ಹಳೆಯ ಕೈ, ಜೀಪಿನ ಕಾಲದಿಂದ ಓಡಿಸಿದವರು. ಇನ್ನೊಬ್ಬರು ಸೊಸೆ. ಮಕ್ಕಳನ್ನು ಪೇಟೆಯ ಸ್ಕೂಲಿಗೆ ಬಿಟ್ಟು ಬರುವುದು ಅವರ ಕೆಲಸ. ಹೀಗೆ ಕಾರು ದಿನಾ ರಸ್ತೆಗೆ ಇಳಿಯುತ್ತಿತ್ತು.

ತೊಂದರೆ ಶುರುವಾದದ್ದು ಸಣ್ಣದಾಗಿ. ಬ್ರೇಕ್ ಒತ್ತಿದಾಗ ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಸ್ಟೇರಿಂಗನ್ನು ಬಲಕ್ಕೆ ಹಿಡಿದುಕೊಂಡರೆ ಸರಿ ಹೋಗುತ್ತಿತ್ತು. ಅದಕ್ಕೇ ತುಂಬಾ ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಎಳೆತ ಜಾಸ್ತಿಯಾಯಿತು. ಒಂದು ಕಡೆ ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಿದರು. ಮೆಷಿನ್ ತೋರಿಸಿದ ಅಳತೆ ಎಲ್ಲಾ ಸರಿ ಇತ್ತು. ಕಾರು ಎಳೆಯುವುದು ನಿಲ್ಲಲಿಲ್ಲ. ಟೈರ್ ಅದಲು ಬದಲು ಮಾಡಿಸಿದರು. ಮತ್ತೊಂದು ಕಡೆ ಬ್ರೇಕ್ ಪ್ಯಾಡ್ ಹೊಸದು ಹಾಕಿಸಿದರು. ಕೆಲವು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ.

ದೊಡ್ಡ ಪೆಟ್ಟು ಬಿದ್ದದ್ದು ಧರ್ಮಸ್ಥಳಕ್ಕೆ ಹೊರಟ ದಿನ. ಕಾರಿನಲ್ಲಿ ಐದು ಜನ, ಹಿಂದೆ ಸಾಮಾನು. ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿದ್ದಾರೆ. ಅರ್ಧ ಇಳಿಯುವ ಹೊತ್ತಿಗೆ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಯಜಮಾನರು ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಮತ್ತೆ ಒತ್ತಿದರು, ನೆಲ ಮುಟ್ಟಿತು. ಹಳೆಯ ಅಭ್ಯಾಸ ಅವರ ಕೈ ಹಿಡಿಯಿತು. ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್ ಬ್ರೇಕ್ ನಿಧಾನಕ್ಕೆ ಎಳೆದು, ಗುಡ್ಡದ ಕಡೆ ಚರಂಡಿಗೆ ಎಡಚಕ್ರ ಇಳಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ.

ಅರ್ಧ ಗಂಟೆ ಬಿಟ್ಟು ಪೆಡಲ್ ಒತ್ತಿ ನೋಡಿದರೆ ಗಟ್ಟಿಯಾಗಿದೆ, ಏನೂ ಆಗೇ ಇಲ್ಲ ಅನ್ನುವ ಹಾಗೆ. ನಿಧಾನವಾಗಿ ಇಳಿದು, ಕೆಳಗೆ ಒಂದು ಗ್ಯಾರೇಜಿನಲ್ಲಿ ತೋರಿಸಿದರು. ಬ್ರೇಕ್ ಆಯಿಲ್ ಎಲ್ಲೂ ಸೋರಿಲ್ಲ, ಪೆಡಲ್ ಸರಿ ಇದೆ, ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರ್ ವೀಕ್ ಆಗಿರಬೇಕು, ಊರಿಗೆ ಹೋಗಿ ಬದಲಾಯಿಸಿ ಅಂದರಂತೆ.

ಯಜಮಾನರು ನಮ್ಮಲ್ಲಿಗೆ ಬಂದದ್ದು ಆ ಮಾತು ಹಿಡಿದುಕೊಂಡು. "ಮಾಸ್ಟರ್ ಸಿಲಿಂಡರ್ ತಂದು ಹಾಕಿಬಿಡಪ್ಪಾ. ಎಷ್ಟಾದ್ರೂ ಆಗ್ಲಿ. ಮೊಮ್ಮಕ್ಕಳು ಕೂರೋ ಗಾಡಿ ಇದು" ಅಂದರು.

ಸೊಸೆ ಹೇಳಿದ ಒಂದು ಮಾತು

ಹಾಕಿಬಿಡಬಹುದಿತ್ತು. ಗಿರಾಕಿಯೇ ಕೇಳುತ್ತಿದ್ದಾರೆ, ದುಡ್ಡೂ ಕೊಡುತ್ತಾರೆ. ಆದರೆ ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ ಅದಕ್ಕೆ ಅದರದೇ ಆದ ಲಕ್ಷಣ ಇರಬೇಕು. ಎಂಜಿನ್ ಸ್ಟಾರ್ಟ್ ಮಾಡಿ ಪೆಡಲ್ ಮೇಲೆ ಒಂದೇ ಸಮ ಕಾಲಿಟ್ಟು ಹಿಡಿದರೆ, ಎಲ್ಲೂ ಸೋರದೇ ಇದ್ದರೂ ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಒಳಗಿನ ರಬ್ಬರ್ ಸೀಲ್ ದಾಟಿ ಆಯಿಲ್ ಹಿಂದಕ್ಕೆ ಹೋಗುವುದರಿಂದ ಹಾಗಾಗುವುದು. ಈ ಕಾರಿನಲ್ಲಿ ಪೆಡಲ್ ನಿಂತಲ್ಲೇ ನಿಂತಿತ್ತು. ಎಂಜಿನ್ನಿನ ವ್ಯಾಕ್ಯೂಮಿನಿಂದ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಕೂಡ ನೋಡಿದೆವು. ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಹೋಯಿತು. ಅಂದರೆ ಬೂಸ್ಟರ್ ಸರಿ ಇದೆ.

ಆಗ ಸೊಸೆಯನ್ನು ಕೇಳಿದೆ, ದಿನಾ ಓಡಿಸುವವರು ಅವರಲ್ವಾ. "ಎಳೆಯೋದು ಯಾವಾಗಮ್ಮಾ?"

"ಬೆಳಗ್ಗೆ ಮನೆಯಿಂದ ಹೊರಟಾಗ ಸರಿ ಇರುತ್ತೆ ಅಣ್ಣ. ಪೇಟೆ ಹತ್ತಿರ ಬರ್ತಾ ಬರ್ತಾ ಶುರುವಾಗುತ್ತೆ. ಬ್ರೇಕ್ ಒತ್ತದೇ ಇದ್ರೂ ಒಂಚೂರು ಎಡಕ್ಕೆ ಹೋಗುತ್ತೆ. ಜೋರಾಗಿ ಒತ್ತಿದ್ರೆ ಮಾತ್ರ ಸ್ಟೇರಿಂಗ್ ಕೈಯಿಂದ ಕಿತ್ಕೊಂಡ ಹಾಗೆ ಆಗುತ್ತೆ. ಅದು ಬೆಳಗ್ಗೆನೂ ಆಗುತ್ತೆ, ಸಂಜೆನೂ ಆಗುತ್ತೆ."

ಈ ಪ್ರಕರಣದ ತಿರುವು ಇದೇ. ಅವರು ಹೇಳುತ್ತಿದ್ದದ್ದು ಒಂದು ತೊಂದರೆ ಅಲ್ಲ, ಎರಡು. ಒಂದು ಕಾರು ಬಿಸಿಯಾದ ಮೇಲೆ ಬರುವುದು. ಇನ್ನೊಂದು ಬಿಸಿಗೂ ತಣ್ಣಗಿಗೂ ಸಂಬಂಧವಿಲ್ಲದೆ, ಬ್ರೇಕಿನ ಜೋರಿಗೆ ಮಾತ್ರ ಬರುವುದು. ಎರಡೂ ಎಡಕ್ಕೇ ಎಳೆಯುತ್ತಿದ್ದರಿಂದ ಎಲ್ಲರಿಗೂ ಒಂದೇ ರೋಗದ ಹಾಗೆ ಕಂಡಿತ್ತು. ಒಂದನ್ನು ಸರಿ ಮಾಡಿದರೂ ಇನ್ನೊಂದು ಉಳಿದು, ಮಾಡಿದ ಕೆಲಸವೇ ದಂಡ ಅನ್ನಿಸುತ್ತಿತ್ತು.

ಕಾರಿನ ಸುತ್ತ ಒಂದು ಸಲ ಸುತ್ತಿದೆ. ಎಡ ಮುಂಚಕ್ರದ ರಿಮ್ಮಿನ ಮೇಲೆ ಕಪ್ಪು ಪುಡಿ ದಪ್ಪಗೆ ಕೂತಿತ್ತು. ಬೆರಳಿಟ್ಟು ಎಳೆದರೆ ಗೆರೆ ಮೂಡುತ್ತಿತ್ತು. ಬಲ ಚಕ್ರದಲ್ಲಿ ಬರೀ ರಸ್ತೆಯ ಧೂಳು. ಎಡಗಡೆ ಪ್ಯಾಡ್ ಬಲಗಡೆಗಿಂತ ಜಾಸ್ತಿ ಸವೆಯುತ್ತಿದೆ ಅನ್ನುವುದು ಚಕ್ರ ಬಿಚ್ಚುವ ಮೊದಲೇ ಗೊತ್ತಾಯಿತು.

ಬಿಸಿ ಮಾಡಿ ನೋಡಿದ್ದು

ತಣ್ಣಗೆ ನಿಂತ ಕಾರನ್ನು ಎಷ್ಟು ನೋಡಿದರೂ ಪ್ರಯೋಜನ ಇಲ್ಲ ಅಂತ ತೀರ್ಮಾನ ಮಾಡಿದೆವು. ಹಾಗಂತ ಬ್ರೇಕ್ ಅನುಮಾನ ಇರುವ ಗಾಡಿಯನ್ನು ಗಿರಿ ಕಡೆ ತೆಗೆದುಕೊಂಡು ಹೋಗುವುದು ಹುಚ್ಚುತನ. ಕಡೂರು ರಸ್ತೆ ಹೆಚ್ಚು ಕಮ್ಮಿ ಸಮತಟ್ಟು. ಆ ಕಡೆ ಹೋಗಿ, ಬ್ರೇಕನ್ನು ಆದಷ್ಟು ಕಮ್ಮಿ ಬಳಸಿ, ವಾಪಸ್ ಬಂದು, ತಕ್ಷಣ ಎರಡೂ ಮುಂಚಕ್ರದ ಡಿಸ್ಕಿಗೆ ಟೆಂಪರೇಚರ್ ಗನ್ ಹಿಡಿದೆವು. ಬ್ರೇಕ್ ಒತ್ತದೆ ಓಡಿದ ಚಕ್ರ ಅಷ್ಟೇನೂ ಬಿಸಿ ಆಗಬಾರದು. ಬಲಗಡೆ 60 ಡಿಗ್ರಿ ಹತ್ತಿರ ಇತ್ತು. ಎಡಗಡೆ 150 ದಾಟಿತ್ತು.

ಗನ್ ಇಲ್ಲದವರು ಚಕ್ರದ ಹತ್ತಿರ ಅಂಗೈ ಹಿಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಡಿಸ್ಕನ್ನು ಮಾತ್ರ ಮುಟ್ಟಬೇಡಿ.

ಆ ಬಿಸಿಯಲ್ಲೇ ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಎಡ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ತಿರುಗಲಿಲ್ಲ. ಬ್ರೇಕ್ ಹಿಡಿದೇ ಇತ್ತು. ಇಲ್ಲಿಂದ ಮುಂದಿನ ಹೆಜ್ಜೆ ತುಂಬಾ ಮುಖ್ಯ. ಹೊಸ ಹುಡುಗರು ಇದನ್ನು ಕಲಿತರೆ ಗಿರಾಕಿಯ ಎಷ್ಟೋ ದುಡ್ಡು ಉಳಿಯುತ್ತದೆ. ಬ್ರೇಕ್ ಹಿಡಿದುಕೊಂಡಿರುವುದಕ್ಕೆ ಎರಡು ಥರದ ಕಾರಣ ಇರಬಹುದು. ಪೆಡಲ್ ಬಿಟ್ಟ ಮೇಲೂ ಆಯಿಲ್ ಒತ್ತಡ ಪೈಪಿನಲ್ಲಿ ಉಳಿದುಬಿಟ್ಟಿರಬಹುದು. ಮಾಸ್ಟರ್ ಸಿಲಿಂಡರಿನ ವಾಪಸ್ ದಾರಿ ಮುಚ್ಚಿದ್ದರೆ, ಇಲ್ಲಾ ರಬ್ಬರ್ ಹೋಸ್ ಒಳಗೇ ಊದಿಕೊಂಡಿದ್ದರೆ ಹಾಗಾಗುತ್ತದೆ. ಅದಲ್ಲದಿದ್ದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತಾನೇ ಜಾಮ್ ಆಗಿರಬಹುದು. ಯಾವುದು ಅಂತ ತಿಳಿಯುವುದು ಸುಲಭ. ಆಯಿಲ್, ಗಾಳಿ ಹೊರಗೆ ಬಿಡಲು ಕ್ಯಾಲಿಪರಿನಲ್ಲಿ ಇರುವ ಬ್ಲೀಡಿಂಗ್ ನಿಪ್ಪಲ್ ಅನ್ನು ಕಾಲು ಸುತ್ತು ಸಡಿಲ ಮಾಡಿ. ಒತ್ತಡ ಉಳಿದಿದ್ದರೆ ಆಯಿಲ್ ಚಿಮ್ಮಿ, ಚಕ್ರ ಆ ಕ್ಷಣ ಬಿಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಆಯಿಲ್ ಪೇಂಟಿನ ಮೇಲೆ ಬೀಳದ ಹಾಗೆ ಪೈಪು ಸಿಕ್ಕಿಸಿರಿ.

ನಾವು ನಿಪ್ಪಲ್ ಸಡಿಲ ಮಾಡಿದೆವು. ಎರಡು ಹನಿ ಬಂತು ಅಷ್ಟೇ. ಚಕ್ರ ಹಾಗೇ ಗಟ್ಟಿಯಾಗಿತ್ತು. ಅಲ್ಲಿಗೆ ಮಾಸ್ಟರ್ ಸಿಲಿಂಡರ್ ಮಾತು ಮುಗಿಯಿತು, ಹೋಸ್ ಮಾತೂ ಮುಗಿಯಿತು. ರೋಗ ಕ್ಯಾಲಿಪರಿನಲ್ಲೇ ಇತ್ತು.

ಕ್ಯಾಲಿಪರ್ ಬಿಚ್ಚಿದಾಗ ಎಲ್ಲಾ ಕಣ್ಣೆದುರೇ ಬಂತು. ಈ ಥರದ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ ಕಡೆ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ತಂದು ಒತ್ತುತ್ತದೆ. ಕೆಳಗಿನ ಪಿನ್ ಸಲೀಸಾಗಿ ಬಂತು. ಮೇಲಿನದು ಬರಲೇ ಇಲ್ಲ. ಸ್ಪ್ರೇ ಹೊಡೆದು, ಸ್ಪ್ಯಾನರ್ ಹಾಕಿ ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ಎಳೆದಾಗ ತುಕ್ಕಿನ ಪುಡಿಯ ಜೊತೆ ಈಚೆ ಬಂತು. ಅದರ ರಬ್ಬರ್ ಬೂಟ್ ಹರಿದು ನೀರು ಒಳಗೆ ಹೋಗಿತ್ತು. ಪಿನ್ನಿನ ಮೇಲೆ ಸಾಮಾನ್ಯ ಗ್ರೀಸ್ ಹಚ್ಚಿದ್ದರು. ಅದು ರಬ್ಬರನ್ನು ಉಬ್ಬಿಸುತ್ತದೆ, ಬಿಸಿಗೆ ಒಣಗಿ ಅಂಟಾಗುತ್ತದೆ. ಬ್ರೇಕ್ ಪಿನ್ನಿಗೆಂದೇ ಬರುವ, ಬಿಸಿ ತಡೆಯುವ ಸಿಲಿಕೋನ್ ಗ್ರೀಸ್ ಬೇರೆ ಇದೆ.

ಪ್ಯಾಡ್ ಎರಡನ್ನೂ ಪಕ್ಕಪಕ್ಕ ಬೆಂಚಿನ ಮೇಲೆ ಇಟ್ಟು ಯಜಮಾನರಿಗೆ ತೋರಿಸಿದೆ. ಹೊರಗಿನದು ಹೊಸದರ ಹಾಗೇ ಇತ್ತು. ಒಳಗಿನದು ಅರ್ಧಕ್ಕಿಂತ ಕಮ್ಮಿ, ಅದೂ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಪ್ಯಾಡ್ ಬದಲಾಯಿಸಿದವರು ಪಿನ್ ಎಳೆದು ನೋಡಿದ್ದರೆ ಕೆಲಸ ಅವತ್ತೇ ಮುಗಿಯುತ್ತಿತ್ತು. ಡಿಸ್ಕಿನ ಮೇಲೆ ಅಲ್ಲಲ್ಲಿ ನೀಲಿ ಕಲೆ ಇತ್ತು, ಅತಿಯಾಗಿ ಕಾದ ಗುರುತು ಅದು.

ಪೆಡಲ್ ಯಾಕೆ ಹೋಯಿತು, ಯಾಕೆ ವಾಪಸ್ ಬಂತು

ಚಾರ್ಮಾಡಿಯಲ್ಲಿ ಆದದ್ದಕ್ಕೆ ಪಿನ್ ಒಂದೇ ಉತ್ತರ ಅಲ್ಲ. ಪಿನ್ ಬಿಸಿಯನ್ನು ಹುಟ್ಟಿಸಿತು. ಆ ಬಿಸಿಗೆ ಸೋತದ್ದು ಬ್ರೇಕ್ ಆಯಿಲ್.

ನಾವೆಲ್ಲಾ ಆಯಿಲ್ ಅಂತಲೇ ಕರೆದರೂ ಅದು ಎಣ್ಣೆ ಅಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣ ಅದಕ್ಕಿದೆ. ಡಬ್ಬದ ಮೇಲೆ ಡಾಟ್ 4 ಅಂತ ಇದ್ದರೆ, ಹೊಸದಾಗಿದ್ದಾಗ ಅದು ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಅದರಲ್ಲಿ ನೀರಿನ ಅಂಶ 3.7 ಶೇಕಡಾ ಸೇರಿದ ಮೇಲೆ 155 ಡಿಗ್ರಿ ತಡೆದರೆ ಸಾಕು ಅಂತ ನಿಯಮವೇ ಇದೆ. ಡಾಟ್ 3 ಆದರೆ ಹೊಸದಕ್ಕೆ 205, ತೇವ ಸೇರಿದ್ದಕ್ಕೆ 140. ಘಾಟಿ ಇಳಿಯುವಾಗ ಡಿಸ್ಕ್ 300 ಡಿಗ್ರಿ ದಾಟುವುದು ದೊಡ್ಡ ವಿಷಯ ಅಲ್ಲ. ಅದರಲ್ಲೂ ಒಂದು ಚಕ್ರ ಮೊದಲೇ ಹಿಡಿದುಕೊಂಡು ಓಡುತ್ತಿದ್ದರೆ, ಆ ಬಿಸಿ ಪಿಸ್ಟನ್ ಮೂಲಕ ಆಯಿಲಿಗೆ ಹೋಗುತ್ತದೆ. ಆಯಿಲ್ ಕುದಿದರೆ ಆವಿ. ಆವಿಯನ್ನು ಒತ್ತಿದರೆ ಅಮುಕಿಕೊಳ್ಳುತ್ತದೆ, ಒತ್ತಡ ಚಕ್ರದವರೆಗೆ ಹೋಗುವುದಿಲ್ಲ. ಪೆಡಲ್ ನೆಲ ಮುಟ್ಟುತ್ತದೆ. ತಣ್ಣಗಾದರೆ ಆವಿ ಮತ್ತೆ ಆಯಿಲ್ ಆಗುತ್ತದೆ, ಪೆಡಲ್ ಗಟ್ಟಿ. ಘಾಟಿ ಕೆಳಗಿನ ಗ್ಯಾರೇಜಿನಲ್ಲಿ ಏನೂ ಸಿಗದೇ ಇದ್ದದ್ದು ಇದಕ್ಕೇ. ಸಿಗುವುದಕ್ಕೆ ಆಗ ಅಲ್ಲಿ ಏನೂ ಉಳಿದಿರಲಿಲ್ಲ.

ಈ ಕಾರಿನ ಆಯಿಲ್ ಕಡು ಕಂದು ಬಣ್ಣಕ್ಕೆ ತಿರುಗಿತ್ತು. ಯಾವಾಗ ಬದಲಾಯಿಸಿದ್ದು ಅಂತ ಕೇಳಿದರೆ, "ಕಮ್ಮಿಯಾದಾಗ ಹಾಕ್ತಾರಲ್ಲ" ಅಂದರು. ತುಂಬಿಸುವುದು ಬೇರೆ, ಬದಲಾಯಿಸುವುದು ಬೇರೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ಹಾಕುವುದು ಒಳ್ಳೆಯ ಅಭ್ಯಾಸ. ತಿಂಗಳುಗಟ್ಟಲೆ ಮಳೆ ಹಿಡಿಯುವ ನಮ್ಮ ಕಡೆ ಅದನ್ನು ಮುಂದೆ ಹಾಕಲೇಬಾರದು.

ಹಿಂದಿನ ಡ್ರಮ್ ಬಿಚ್ಚಿದರೆ, ಬ್ರೇಕ್ ಶೂಗಳನ್ನು ಡ್ರಮ್ಮಿನ ಹತ್ತಿರ ಇಡುವ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿತ್ತು. ಹಿಂದಿನ ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಹ್ಯಾಂಡ್ ಬ್ರೇಕ್ ಎಳೆದರೆ ಲಿವರ್ ತುಂಬಾ ಮೇಲೆ ಬರುತ್ತಿತ್ತು, ಅದೂ ಇದಕ್ಕೇ. ಐದು ಜನರ ಭಾರವನ್ನು ಮುಂದಿನ ಎರಡು ಚಕ್ರವೇ ಹೊತ್ತು ನಿಲ್ಲಿಸುತ್ತಿತ್ತು.

ಎರಡೂ ಬದಿಗೆ ಹೊಸ ಪಿನ್, ಬೂಟ್, ಪ್ಯಾಡ್, ಡಿಸ್ಕ್ ಹಾಕಿದೆವು. ಹಾಳಾದದ್ದು ಎಡಗಡೆಯದು ಮಾತ್ರ, ಬಲಗಡೆಯದು ಯಾಕೆ ಅಂತ ಯಜಮಾನರು ಕೇಳಿದರು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಹಿಡಿತ ಒಂದೇ ಸಮ ಇರುವುದಿಲ್ಲ, ಮತ್ತೆ ಎಳೆಯುತ್ತದೆ ಅಂತ ಹೇಳಿದ ಮೇಲೆ ಒಪ್ಪಿದರು. ಹಿಂದಿನ ಅಡ್ಜಸ್ಟರ್ ಬಿಡಿಸಿ, ಹಳೆಯ ಆಯಿಲ್ ಪೂರ್ತಿ ತೆಗೆದು, ನಾಲ್ಕೂ ಚಕ್ರದಲ್ಲಿ ತಿಳಿಯಾದ ಹೊಸ ಆಯಿಲ್ ಬರುವವರೆಗೆ ಬ್ಲೀಡಿಂಗ್ ಮಾಡಿದೆವು.

ಉಳಿದ ಅರ್ಧ

ಮತ್ತೆ ಕಡೂರು ರಸ್ತೆ. ಈ ಸಲ ಎರಡೂ ಡಿಸ್ಕಿನ ಬಿಸಿ ಹತ್ತಿರ ಹತ್ತಿರ ಇತ್ತು. ಸುಮ್ನೆ ಓಡುವಾಗ ಎಡಕ್ಕೆ ಹೋಗುವುದು ನಿಂತಿತ್ತು. ಮೆತ್ತಗೆ ಬ್ರೇಕ್ ಒತ್ತಿದರೂ ನೇರ ನಿಲ್ಲುತ್ತಿತ್ತು. ಹಿಂದೆ ಮುಂದೆ ಯಾರೂ ಇಲ್ಲದ ಕಡೆ ಒಮ್ಮೆ ಜೋರಾಗಿ ಒತ್ತಿದಾಗ ಮಾತ್ರ ಸ್ಟೇರಿಂಗ್ ಎಡಕ್ಕೆ ಜಗ್ಗಿತು, ಜೊತೆಗೆ ಕೆಳಗಿನಿಂದ ಒಂದು 'ಟಕ್'. ಸೊಸೆ ಹೇಳಿದ್ದು ಅಕ್ಷರಶಃ ನಿಜ ಆಗಿತ್ತು.

ಚಕ್ರ ಎತ್ತಿ, ಎಡಬಲ ಹಿಡಿದು ಅಲ್ಲಾಡಿಸಿದೆವು. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಸಡಿಲ ಆಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಇರಲಿಲ್ಲ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆವು. ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಎರಡೂ ಗಟ್ಟಿ. ಇಷ್ಟಕ್ಕೇ ನಿಲ್ಲಿಸಿದರೆ ಸ್ಟೇರಿಂಗ್ ಕಡೆ ಏನೂ ತೊಂದರೆ ಇಲ್ಲ ಅಂತಲೇ ಬರೆದುಕೊಳ್ಳಬೇಕಿತ್ತು. ಆದರೆ ಈ ಪರೀಕ್ಷೆಯಲ್ಲಿ ಚಕ್ರದ ಮೇಲೆ ಬ್ರೇಕಿನ ಜೋರು ಬೀಳುವುದಿಲ್ಲ. ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳಾಟವನ್ನು ತಡೆಯುವುದು ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋವರ್ ಆರ್ಮ್, ಅದರಲ್ಲೂ ಅದರ ಹಿಂದಿನ ರಬ್ಬರ್ ಬುಶ್. ಸಬ್ಬಲ್ ಕೊಟ್ಟು ಎಡ ಲೋವರ್ ಆರ್ಮನ್ನು ಹಿಂದಕ್ಕೆ ಒತ್ತಿದಾಗ ಬುಶ್ ಬಾಯಿ ಬಿಟ್ಟಿತು. ಒಳಗಿನ ಕಬ್ಬಿಣದ ನಳಿಗೆಯಿಂದ ರಬ್ಬರ್ ಪೂರ್ತಿ ಕಿತ್ತು ಬಂದಿತ್ತು. ಒತ್ತುವುದು ಬಿಟ್ಟರೆ ಸೀಳು ಮುಚ್ಚಿಕೊಂಡು, ಚೆನ್ನಾಗಿರುವ ಬುಶ್ ಥರಾನೇ ಕಾಣುತ್ತಿತ್ತು.

ಅಲೈನ್‌ಮೆಂಟ್ ಮೆಷಿನ್ ಯಾಕೆ ಎಲ್ಲಾ ಸರಿ ಅಂತ ತೋರಿಸಿತು ಅನ್ನುವುದಕ್ಕೆ ಉತ್ತರ ಇಲ್ಲಿದೆ. ಮೆಷಿನ್ ಸುಳ್ಳು ಹೇಳಿರಲಿಲ್ಲ. ನಿಂತ ಕಾರಿನ ಚಕ್ರ ನಿಜವಾಗಿಯೂ ನೇರ ಇತ್ತು. ಜೋರಾಗಿ ಬ್ರೇಕ್ ಒತ್ತಿದಾಗ ಮಾತ್ರ ಆ ಚಕ್ರ ಹಿಂದೆ ಸರಿದು, ಅದರ ಕೋನ ಬದಲಾಗಿ, ಕಾರು ಆ ಕಡೆಗೆ ತಿರುಗುತ್ತಿತ್ತು. ಬುಶ್ ಸರಿ ಇದೆಯಾ ಅಂತ ನೋಡದೆ ಅಲೈನ್‌ಮೆಂಟಿಗೆ ಕೂರಿಸುವುದು ದುಡ್ಡು ದಂಡ. ಎರಡೂ ಲೋವರ್ ಆರ್ಮ್ ಬದಲಾಯಿಸಿದೆವು. ಬಲಗಡೆಯ ಬುಶ್ಶಿನಲ್ಲೂ ಬಿರುಕು ಶುರುವಾಗಿತ್ತು. ತೋಟದ ದಾರಿ ಯಾರನ್ನೂ ಬಿಡುವುದಿಲ್ಲ. ಅಲೈನ್‌ಮೆಂಟ್ ಮಾಡಿಸಿದ್ದು ಆಮೇಲೆ.

ಕೊನೆಯ ಪರೀಕ್ಷೆ ಕೈಮರದಿಂದ ಸೀತಾಳಯ್ಯನಗಿರಿ ಕಡೆಗೆ. ಬೆಳಗಿನ ಜಾವ, ಪ್ರವಾಸಿಗರ ಗಾಡಿ ಬರುವ ಮೊದಲು. ಹತ್ತುವಾಗ ನಾನು ಓಡಿಸಿದೆ, ಇಳಿಯುವಾಗ ಯಜಮಾನರ ಕೈಗೆ ಕೊಟ್ಟೆ. ಅವರು ಇಳಿಸುವ ರೀತಿಯನ್ನೂ ನೋಡಬೇಕಿತ್ತು. ನೆಟ್ಟಗಿನ ಇಳಿಜಾರು ಬಂದ ಕೂಡಲೇ ಅವರ ಕೈ ಗೇರನ್ನು ನ್ಯೂಟ್ರಲ್ಲಿಗೆ ತಂದಿತು.

"ಯಜಮಾನ್ರೇ, ಚಾರ್ಮಾಡೀಲೂ ಹೀಗೇನಾ?"

"ಪೆಟ್ರೋಲ್ ಉಳಿಯುತ್ತಲ್ಲಪ್ಪಾ. ಜೀಪಲ್ಲಿ ಹಂಗೇ ಮಾಡ್ತಿದ್ದಿದ್ದು."

ಕಾರ್ಬುರೇಟರ್ ಕಾಲದಲ್ಲಿ ಆ ಲೆಕ್ಕಕ್ಕೆ ಅರ್ಥ ಇತ್ತು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದೇ ಇರಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಉಳಿಯುವುದು ಏನೂ ಇಲ್ಲ, ಎಂಜಿನ್ನಿನ ಹಿಡಿತ ಹೋಗಿ ಪೂರ್ತಿ ಭಾರ ಬ್ರೇಕಿಗೆ ಬೀಳುತ್ತದೆ. ಇನ್ನು ಕೆಲವರು ಕೀಯನ್ನೇ ಆಫ್ ಮಾಡುತ್ತಾರೆ. ಆಗ ಪವರ್ ಸ್ಟೇರಿಂಗ್ ಕಲ್ಲಾಗುತ್ತದೆ, ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ, ಕೀ ಈಚೆ ಬಂದರೆ ಸ್ಟೇರಿಂಗ್ ಲಾಕ್ ಆಗುವ ಅಪಾಯ ಬೇರೆ.

ಇಷ್ಟು ಹೇಳಿದ ಮೇಲೆ ಯಜಮಾನರು ಎರಡನೇ ಗೇರಿನಲ್ಲಿ ಇಳಿಸಿದರು. ತಿರುವಿನ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ, ಬಿಟ್ಟುಬಿಡುವುದು. ಕಾಲನ್ನು ಪೆಡಲ್ ಮೇಲೆ ಸುಮ್ನೆ ಊರಿಕೊಂಡು ಇಳಿಯದೇ ಇರುವುದು. ಕೈಮರಕ್ಕೆ ಬಂದಾಗಲೂ ಪೆಡಲ್ ಗಟ್ಟಿಯಾಗಿತ್ತು, ವಾಸನೆ ಇರಲಿಲ್ಲ, ಕಾರು ನೇರ ನಿಂತಿತು. ಆಮೇಲೆ ಮನೆಯವರು ಅದೇ ಕಾರಿನಲ್ಲಿ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದರು.

ಮನೆಯವರಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಗ್ಯಾರೇಜಿಗೆ ಹೋದಾಗ ಯಾವ ಪಾರ್ಟ್ ಹಾಕಬೇಕು ಅಂತ ಹೇಳಬೇಡಿ. ಯಾವಾಗ ಆಗುತ್ತೆ ಅಂತ ಹೇಳಿ. ಬೆಳಗ್ಗೆಯಾ, ಬಿಸಿಯಾದ ಮೇಲಾ, ಮಳೆಯಲ್ಲಾ, ಜೋರಾಗಿ ಒತ್ತಿದಾಗಲಾ, ಜನ ತುಂಬಿದಾಗಲಾ? ಮೆಕ್ಯಾನಿಕ್ ಸುಮ್ಮನೆ ಪ್ಯಾಡ್ ಬದಲಾಯಿಸಿ ಕೊಟ್ಟರೆ, ಹಳೆಯ ಪ್ಯಾಡ್ ನಾಲ್ಕನ್ನೂ ಕೇಳಿ ತೆಗೆದುಕೊಂಡು ದಪ್ಪ ಹೋಲಿಸಿ ನೋಡಿ. ಒಂದೇ ಚಕ್ರದ ಎರಡು ಪ್ಯಾಡಿನ ಮಧ್ಯೆ ದೊಡ್ಡ ವ್ಯತ್ಯಾಸ ಇದ್ದರೆ, ಪಿನ್ ನೋಡಿದಿರಾ ಅಂತ ಅಲ್ಲೇ ಕೇಳಿ.

ಘಾಟಿಯಲ್ಲಿ ಪೆಡಲ್ ಮೆತ್ತಗಾದರೆ ಬೇಗ ಬೇಗ ಒತ್ತಿ ಬಿಟ್ಟು ನೋಡಿ, ಸ್ವಲ್ಪವಾದರೂ ಹಿಡಿತ ಸಿಗಬಹುದು. ಗೇರ್ ಒಂದೊಂದೇ ಇಳಿಸಿ. ಹ್ಯಾಂಡ್ ಬ್ರೇಕಿನ ಬಟನ್ ಒತ್ತಿ ಹಿಡಿದುಕೊಂಡೇ ನಿಧಾನಕ್ಕೆ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂಚಕ್ರ ಜಾರುತ್ತದೆ. ಗುಡ್ಡದ ಕಡೆ ನಿಲ್ಲಿಸಿ, ಚಕ್ರದ ಮುಂದೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟ ಆಗಬಹುದು, ಬಿರುಕೂ ಬಿಡಬಹುದು. ಅರ್ಧ ಗಂಟೆಯ ನಂತರ ಪೆಡಲ್ ಗಟ್ಟಿಯಾದರೂ ಅದನ್ನು ನಂಬಿ ಉಳಿದ ಘಾಟಿ ಇಳಿಯುವ ಬದಲು, ಟೋಯಿಂಗ್ ಗಾಡಿಗೆ ಫೋನ್ ಮಾಡಿ.